ಚಳಿಗಾಲದ ಫೋಟೋದಲ್ಲಿ ಪೊರಕೆ ಹಿಡಿದಿರೋ ಆ ಹೆಂಗಸು ಯಾರು?



ಡಿಸೆಂಬರ್ ಬಂತು ಅಂದ್ರೆ ನಮ್ಮ ಬೆಂಗಳೂರಲ್ಲಿ ಫೋಟೋಗಳ ಸುಗ್ಗಿ. ಹಲಸೂರು ಕೆರೆ ಮೇಲೆ ಮಂಜು. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಗುಲಾಬಿ ಬಣ್ಣದ ಹೂವಿನ ಮರ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾಕ್ಕೆ ಹಾಕಿರೋ ಸೀರಿಯಲ್ ಲೈಟು. ರಸೆಲ್ ಮಾರ್ಕೆಟ್ ಮುಂದೆ ಟೀ ಅಂಗಡಿಯ ಆವಿ. ಕೆ.ಆರ್. ಪುರದ ತೂಗುಸೇತುವೆ ಮಂಜಿನಲ್ಲಿ ಅರ್ಧಕ್ಕೆ ಮಾಯವಾಗಿರೋದು. ಇವುಗಳ ಜೊತೆ ಪ್ರತಿ ವರ್ಷ ತಪ್ಪದೇ ಬರೋ ಇನ್ನೊಂದು ಫೋಟೋ ಇದೆ. ಎರಡೂ ಕಡೆ ಮರಗಳ ಸಾಲು, ಕೊಂಬೆಗಳ ಸಂದಿಯಿಂದ ಕೋಲುಕೋಲಾಗಿ ಇಳಿಯೋ ಬಿಸಿಲು, ಆ ಬಿಸಿಲಿನ ಮಧ್ಯೆ ಕಪ್ಪಗೆ ಒಬ್ಬ ಹೆಂಗಸು, ಕೈಯಲ್ಲಿ ಉದ್ದನೆ ಪೊರಕೆ. ಕೆಳಗೆ ‘ನಮ್ಮ ಊರು, ನಮ್ಮ ಚಳಿ’ ಅಂತಲೋ ‘ಎಲೆಮರೆಯ ನಾಯಕಿ’ ಅಂತಲೋ ಬರೆದಿರ್ತಾರೆ. ಸಾವಿರಾರು ಲೈಕು.

ನಾನೂ ಫೋಟೋ ತೆಗೀತೀನಿ. ಮದುವೆ ಫೋಟೋ ತೆಗೀತಿದ್ದ ಗೆಳೆಯನೊಬ್ಬ ಹೊಸ ಕ್ಯಾಮೆರಾ ತಗೊಂಡಾಗ ಹಳೇದನ್ನ ಕಂತಿನ ಮೇಲೆ ನನಗೆ ಕೊಟ್ಟ. ಯೂನಿಯನ್ ಕೆಲಸ, ಲೇಬರ್ ಆಫೀಸು, ಕೋರ್ಟು ಅಂತ ಓಡಾಡೋ ಮಧ್ಯೆ ಬೆಳಿಗ್ಗೆ ಎರಡು ಗಂಟೆ ಸಿಕ್ಕಿದ್ರೆ ಅದೇ ನನ್ನ ಹಬ್ಬ. ಹಾಗಾಗಿ ಫೋಟೋ ತೆಗೆಯೋರನ್ನ ಬೈಯೋಕೆ ಇದನ್ನ ಬರೀತಿಲ್ಲ. ದಂಡು ಪ್ರದೇಶದ ಚಳಿಗಾಲದ ಬೆಳಕು ನಿಜವಾಗ್ಲೂ ಚೆಂದ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ನೆತ್ತಿಗೆ ಬರೋದೇ ಇಲ್ಲ, ಮಧ್ಯಾಹ್ನಾನೂ ದಕ್ಷಿಣಕ್ಕೆ ವಾಲಿಕೊಂಡೇ ಹೋಗ್ತಾನೆ. ಅದಕ್ಕೇ ನೆರಳು ಉದ್ದ, ಬಿಸಿಲು ಮೆತ್ತಗೆ. ಹಳೇ ಬಂಗಲೆ ಕಾಂಪೌಂಡು, ಹಂಚಿನ ಮಾಡು, ಮೀನಾಕ್ಷಿ ಕೋಯಿಲ್ ಬೀದಿಯ ಹೂವಿನ ಬುಟ್ಟಿ, ಯಾವುದರ ಮೇಲೆ ಬಿದ್ದರೂ ಆ ಬೆಳಕು ಒಪ್ಪುತ್ತೆ. ಚಳಿ ಮೊದಲಿನಷ್ಟಿಲ್ಲ ಅನ್ನೋ ಹಿರಿಯರ ಮಾತು ಬೇರೆ. ಈ ಊರಲ್ಲಿ ದಾಖಲಾಗಿರೋ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರದ್ದು. ಈಗ ಹದಿನೈದಕ್ಕೆ ಇಳಿದ್ರೆ ಜನ ಮಂಕಿ ಕ್ಯಾಪ್ ಹಾಕೊಂಡು ಸೆಲ್ಫಿ ತಗೋತಾರೆ.

ನನ್ನ ತಕರಾರು ಆ ಒಂದೇ ಫೋಟೋ ಬಗ್ಗೆ. ಕೋಲು ಬಿಸಿಲಿನಲ್ಲಿ ನಿಂತಿರೋ ಹೆಂಗಸಿನ ಬಗ್ಗೆ.

ಆ ಬಿಸಿಲಿನ ಕೋಲು ಎಲ್ಲಿಂದ ಬಂತು? ಬೆಳಕು ತಾನಾಗಿ ಕಣ್ಣಿಗೆ ಕಾಣಲ್ಲ, ಏನಕ್ಕಾದ್ರೂ ತಾಗಬೇಕು. ಗಾಳೀಲಿ ಧೂಳು, ಹೊಗೆ, ತೇವ ಇದ್ರೆ ಮಾತ್ರ ಕಿರಣ ಕೋಲಾಗಿ ಕಾಣೋದು. ಮಂಜು ಇಲ್ಲದ ದಿನ ನಮ್ಮ ರಸ್ತೆಗಳಲ್ಲಿ ಆ ಕೆಲಸ ಮಾಡೋದು ಧೂಳು. ಆ ಧೂಳು ಏಳೋದು ಪೊರಕೆಯಿಂದ. ಇಲ್ಲಾಂದ್ರೆ ಎಲೆ ರಾಶಿಗೆ ಯಾರೋ ಹಚ್ಚಿದ ಬೆಂಕಿಯ ಹೊಗೆ. ಫೋಟೋ ನೋಡಿ ‘ಸ್ವರ್ಗ’ ಅಂತೀವಲ್ಲ, ಆ ಸ್ವರ್ಗವನ್ನ ಆಯಮ್ಮ ಉಸಿರಾಡ್ತಿರ್ತಾಳೆ. ಗ್ಲೌಸು, ಮಾಸ್ಕು ಕೊಟ್ಟಿದ್ದಾರಾ, ಕೊಟ್ಟಿದ್ದು ಎಷ್ಟು ದಿನ ಬಾಳಿಕೆ ಬಂತು, ಕೈ ತೊಳೆಯೋಕೆ ನೀರೆಲ್ಲಿ, ಪಾಯಿಖಾನೆ ಎಲ್ಲಿ ಅನ್ನೋದು ಯೂನಿಯನ್ ಮೀಟಿಂಗಿನ ಮಾತು. ಅದನ್ನ ಬೇರೆ ದಿನ ಬರೀತೀನಿ.

ಇಂದಿರಾನಗರದ ಒಂದು ಅಡ್ಡರಸ್ತೇಲಿ ನಾನೇ ಕಿವಿಯಾರೆ ಕೇಳಿದ್ದು ಇದು. ಫೋಟೋ ವಾಕ್ ಅಂತ ಬಂದಿದ್ದ ಆರೇಳು ಜನ. ಅವರಲ್ಲೊಬ್ಬ ಹುಡುಗ, ಪಾಪ ಬಹಳ ಮರ್ಯಾದೆಯಿಂದಲೇ ಹೇಳ್ದ: “ಅಕ್ಕಾ, ಇನ್ನೊಂದ್ಸಲ ಅಲ್ಲೇ ಗುಡಿಸ್ತೀರಾ? ಸ್ವಲ್ಪ ಜೋರಾಗಿ.” ಅವಳು ಗುಡಿಸಿದ್ಲು. ಗುಡಿಸಿ ಆಗಿದ್ದ ಜಾಗವನ್ನ ಎರಡು ಸಲ ಗುಡಿಸಿದ್ಲು. ಆಮೇಲೆ ಮೇಸ್ತ್ರಿ ಬಂದು “ಇನ್ನೂ ಇಲ್ಲೇ ಇದೀಯಾ?” ಅಂತ ರೇಗಿದ. ಅಷ್ಟೊತ್ತಿಗೆ ಹುಡುಗರು ಮುಂದಿನ ಮರದ ಹತ್ರ ಹೋಗಿದ್ರು.

ಇನ್ನು ಆ ಕಪ್ಪು ಆಕೃತಿ. ಫೋಟೋದವರು ಅದಕ್ಕೆ ಸಿಲೂಯೆಟ್ ಅಂತಾರೆ. ಕ್ಯಾಮೆರಾ ಹಿಡಿದೋರಿಗೆ ಇದು ಗೊತ್ತು, ಉಳಿದವರಿಗಾಗಿ ಹೇಳ್ತೀನಿ. ಹಿಂದೆ ಬೆಳಕಿದ್ದು ಮುಂದೆ ಮನುಷ್ಯ ನಿಂತಿದ್ದಾಗ ಕ್ಯಾಮೆರಾ ಎರಡನ್ನೂ ಒಟ್ಟಿಗೆ ಸರಿಯಾಗಿ ಹಿಡಿಯೋದು ಕಷ್ಟ. ಆಕಾಶಕ್ಕೆ ಹೊಂದಿಸಿದ್ರೆ ಮನುಷ್ಯ ಕಪ್ಪಾಗ್ತಾನೆ. ಮನುಷ್ಯನ ಮುಖಕ್ಕೆ ಹೊಂದಿಸಿದ್ರೆ ಆಕಾಶ ಬಿಳಿಚಿಕೊಳ್ಳುತ್ತೆ, ಕಿರಣಗಳೆಲ್ಲ ತೊಳೆದು ಹೋಗ್ತವೆ. ಎರಡರಲ್ಲಿ ಒಂದನ್ನ ಆರಿಸ್ಕೋಬೇಕು. ಆ ಫೋಟೋ ತೆಗೆದ ಪ್ರತಿಯೊಬ್ಬರೂ ಆಕಾಶವನ್ನ ಆರಿಸ್ಕೊಂಡಿದ್ದಾರೆ. ಅದೇ ವಾರ ಅದೇ ಜನ ಚರ್ಚ್ ಸ್ಟ್ರೀಟಲ್ಲಿ ಕಾಫಿ ಕುಡಿಯೋ ಹುಡುಗಿಯ ಫೋಟೋ ತೆಗೆದಾಗ ಕಿಟಕಿ ಹೊರಗಿನ ಆಕಾಶ ಎಷ್ಟು ಬಿಳಿಚಿದ್ರೂ ಚಿಂತೆ ಮಾಡಲ್ಲ, ಮುಖ ಬಂದ್ರೆ ಸಾಕು.

ಹೋದ ಡಿಸೆಂಬರಲ್ಲಿ ಬಂದ ಅಂಥದೊಂದು ಫೋಟೋದಲ್ಲಿ ಇದ್ದವಳು ನನಗೆ ಗೊತ್ತಿರೋ ಅಕ್ಕ. ಆದ್ರೆ ಆ ಫೋಟೋ ತೆಗೆದವನು ಪೂರ್ತಿ ಕಪ್ಪು ಮಾಡಿರ್ಲಿಲ್ಲ. ಅಕ್ಕ ಪಕ್ಕಕ್ಕೆ ತಿರುಗಿದ್ಲು, ಅರ್ಧ ಮುಖಕ್ಕೆ ಬಿಸಿಲು ಬಿದ್ದಿತ್ತು, ಗುರುತಿರೋರಿಗೆ ಗುರುತು ಸಿಗೋ ಹಾಗಿತ್ತು. ಆಯಮ್ಮನ ಹೆಸರು ಬರೆಯಲ್ಲ. ಊರು ಅನಂತಪುರದ ಕಡೆ. ಮನೇಲಿ ತೆಲುಗು, ಬೀದೀಲಿ ಕನ್ನಡ, ಹಲಸೂರಿನ ಅಂಗಡಿಯವರ ಹತ್ರ ತಮಿಳು. ವರ್ಷಗಟ್ಟಲೆ ಕಾಂಟ್ರಾಕ್ಟ್‌ನಲ್ಲಿ ಗುಡಿಸಿದವಳು. 2025ರ ಮೇ 1ರಂದು ಅರಮನೆ ಮೈದಾನದಲ್ಲಿ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ರಲ್ಲ, ಅದರಲ್ಲಿ ಇವಳದ್ದೂ ಒಂದು. ಆ ಪತ್ರದ ಹಿಂದೆ ಎಷ್ಟು ಧರಣಿ ಇದೆ, 2022ರ ಜುಲೈ ಮುಷ್ಕರದಲ್ಲಿ ಮಳೇಲಿ ಕೂತವರು ಯಾರು ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನೀವೂ ಕೂತಿದ್ರಿ.

ಅಕ್ಕ ಬಾಡಿಗೆಗಿದ್ದದ್ದು ಇಂದಿರಾನಗರದ ಹಿಂದಿನ ಒಂದು ಹಳೇ ಹಳ್ಳಿ ಗಲ್ಲೀಲಿ. ಲೇಔಟ್ ಬಂದು ಸುತ್ತುವರಿದ ಮೇಲೆ ಒಳಗೆ ಸಿಕ್ಕಿಹಾಕಿಕೊಂಡ ಹಳ್ಳಿಗಳಿವೆಯಲ್ಲ, ಅಂಥದ್ದು. ಮನೆ ಕೇಳೋಕೆ ಹೋದಾಗ ಓನರ್ರು “ಏನು ಕೆಲಸ?” ಅಂದ್ರು. “ಆಫೀಸಲ್ಲಿ ಹೌಸ್‌ಕೀಪಿಂಗ್” ಅಂದಿದ್ಲು. ಬೆಳಗಿನ ಜಾವ ಯೂನಿಫಾರ್ಮ್ ಕೋಟು ಬ್ಯಾಗಿಗೆ ಹಾಕೊಂಡು ಹೋಗಿ ಮಸ್ಟರ್ ಪಾಯಿಂಟಲ್ಲಿ ಹಾಕೊಳ್ಳೋದು. ವಾಪಸ್ ಬರುವಾಗ ಬಿಚ್ಚಿ ಬ್ಯಾಗಿಗೆ. ಆರು ವರ್ಷ ಹೀಗೇ ನಡೀತು. ಬೆಂಗಳೂರಲ್ಲಿ ಜಾತಿ ಎಲ್ಲಿದೆ ಅಂತ ಕೇಳೋರು ಆ ಬ್ಯಾಗನ್ನ ಒಂದ್ಸಲ ನೋಡಬೇಕು.

ಡಿಸೆಂಬರಲ್ಲಿ ಫೋಟೋ ಬಂತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ವಾಟ್ಸಾಪ್ ಗ್ರೂಪುಗಳಿಗೆ, ಕೊನೆಗೆ ಓನರ್ ಮಗನ ಫೋನಿಗೆ. ಯಾರೂ ಜಗಳ ಆಡಲಿಲ್ಲ, ಯಾರೂ ಜಾತಿ ಎತ್ತಲಿಲ್ಲ. ಓನರ್ ಹೆಂಡತಿ ಬಂದು “ನೀವು ರೋಡ್ ಕೆಲಸ ಮಾಡ್ತೀರಂತೆ, ಹೇಳ್ಲೇ ಇಲ್ವಲ್ಲಮ್ಮ” ಅಂದ್ರು. ಒಂದು ವಾರಕ್ಕೆ “ನಮ್ಮ ನಾದಿನಿ ಮಗ ಬರ್ತಿದಾನೆ, ಮನೆ ಬೇಕಾಗುತ್ತೆ” ಅಂತಾಯ್ತು. ಸಂಕ್ರಾಂತಿ ಮುಗಿದ ಮೇಲೆ ಖಾಲಿ ಮಾಡಿದ್ರು. ಅಡ್ವಾನ್ಸಲ್ಲಿ ಪೇಂಟಿಂಗು ಅಂತ ಒಂದಿಷ್ಟು ಮುರಿದುಕೊಂಡರು. ಈಗ ಕೇಸ್ ಹಾಕಿ ಅಂತೀರಾ? ನಾದಿನಿ ಮಗ ಬರ್ತಾನೆ ಅನ್ನೋದಕ್ಕೆ ಯಾವ ಸೆಕ್ಷನ್ ಹಾಕ್ತೀರಾ?

ಸಾಮಾನು ಕಟ್ಟೋ ದಿನ ನಾನು ಹೋಗಿದ್ದೆ. ಅಕ್ಕ ತನ್ನ ಫೋನ್ ತೆಗೆದು ನನಗೊಂದು ಫೋಟೋ ತೋರಿಸಿದ್ಲು. ಅರಮನೆ ಮೈದಾನದಲ್ಲಿ ಆರ್ಡರ್ ಕಾಪಿ ಕೆನ್ನೆ ಪಕ್ಕ ಹಿಡಿದು ತಗೊಂಡ ಸೆಲ್ಫಿ. ಹಲ್ಲೆಲ್ಲಾ ಕಾಣೋ ನಗು. “ಅಣ್ಣಾ, ಇದು ನಾನೇ ತಗೊಂಡಿದ್ದು. ಇದನ್ನ ಒಬ್ಬರಿಗೂ ತೋರಿಸೋಕಾಗ್ಲಿಲ್ಲ. ಅವನು ತಗೊಂಡಿದ್ದು ಊರೆಲ್ಲಾ ನೋಡ್ತು.”

ಆ ಫೋಟೋ ತೆಗೆದವನನ್ನ ಹುಡುಕಿ ಮೆಸೇಜ್ ಮಾಡಿದೆ. ಒಳ್ಳೇ ಹುಡುಗ. ವೈಟ್‌ಫೀಲ್ಡ್ ಕಡೆ ಕೆಲಸ, ವಾರವೆಲ್ಲಾ ಸ್ಕ್ರೀನ್ ಮುಂದೆ ಕೂತು ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಬರೋನು. “ಸರ್, ನಾನು ಅವರ ಶ್ರಮಕ್ಕೆ ಗೌರವ ಕೊಟ್ಟು ಹಾಕಿದ್ದು” ಅಂದ. ನಂಬ್ತೀನಿ. ತಕ್ಷಣ ಅಳಿಸಿದ. ಆದ್ರೆ ಅಷ್ಟರಲ್ಲಿ ಅದು ಎಷ್ಟು ಫೋನಲ್ಲಿ ಕೂತಿತ್ತೋ. ಆಮೇಲೆ ಅವನೊಂದು ಪ್ರಶ್ನೆ ಕೇಳ್ದ, ನ್ಯಾಯವಾದ ಪ್ರಶ್ನೆ: “ಬೀದಿ ಅಂದ್ರೆ ಎಲ್ಲರದ್ದಲ್ವಾ ಸರ್? ಬ್ಯಾಂಕ್ ಮ್ಯಾನೇಜರ್ ನಡ್ಕೊಂಡು ಹೋಗೋ ಫೋಟೋನೂ ತೆಗೀತೀನಿ, ಅವರನ್ನೂ ಕೇಳಲ್ಲ.”

ನನ್ನ ಉತ್ತರ ಇಷ್ಟೇ. ಬ್ಯಾಂಕ್ ಮ್ಯಾನೇಜರ್ ಬೀದೀಲಿ ನಡೆಯೋ ಫೋಟೋ ನೋಡಿ ಅವನ ಮನೆ ಓನರ್ ಏನೂ ಹೊಸದಾಗಿ ತಿಳ್ಕೊಳ್ಳಲ್ಲ. ಈ ದೇಶದಲ್ಲಿ ಪೊರಕೆ ಹಿಡಿದಿರೋ ಫೋಟೋ ಅಂದ್ರೆ ಅದು ಜಾತಿ ಪ್ರಮಾಣಪತ್ರ. ತಹಶೀಲ್ದಾರ್ ಸಹಿ ಬೇಕಿಲ್ಲ. ಕೇಳದೇ ತೆಗೆದು ಹಂಚೋದು ಅಂದ್ರೆ ಇನ್ನೊಬ್ಬರ ಪ್ರಮಾಣಪತ್ರವನ್ನ ಜೆರಾಕ್ಸ್ ಮಾಡಿ ಗೋಡೆಗೆ ಅಂಟಿಸಿದ ಹಾಗೆ. ನಾನೂ ಜನಜಂಗುಳಿಯ ಫೋಟೋ ಕೇಳದೇ ತೆಗೀತೀನಿ. ಶಿವಾಜಿನಗರ ಬಸ್ ಸ್ಟ್ಯಾಂಡಲ್ಲಿ ನೂರು ಜನರನ್ನ ಕೇಳ್ಕೊಂಡು ಕೂತ್ರೆ ಬಸ್ಸೇ ಹೊರಟುಹೋಗುತ್ತೆ. ಆದ್ರೆ ಕೆಲಸವೇ ಜಾತಿಯಾಗಿರೋ ಕಡೆ, ಅಂದ್ರೆ ಪೊರಕೆ, ಮ್ಯಾನ್‌ಹೋಲು, ಚರ್ಮ, ಹೆಣ, ಇಲ್ಲೆಲ್ಲ ಕೇಳಲೇಬೇಕು. ಬೇಡ ಅಂದ್ರೆ ಕ್ಯಾಮೆರಾ ಕೆಳಗೆ. ಇದರಲ್ಲಿ ಕಲೆ ಗಿಲೆ ಅಂತ ರಿಯಾಯಿತಿ ಇಲ್ಲ.

ಇದು ಇವತ್ತಿನ ಕಥೆ ಅಂದ್ಕೋಬೇಡಿ. 1838ರಲ್ಲಿ ಡಾಗೇರ್ ಅನ್ನೋನು ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಮನುಷ್ಯ ಕಾಣಿಸಿಕೊಂಡ ಮೊದಲ ಫೋಟೋ ಅಂತ ಅದನ್ನ ಕರೀತಾರೆ. ಆಗಿನ ಕ್ಯಾಮೆರಾವನ್ನ ನಿಮಿಷಗಟ್ಟಲೆ ತೆರೆದಿಡಬೇಕಿತ್ತು. ಬೀದಿ ತುಂಬಾ ಗಾಡಿ, ಜನ ಓಡಾಡ್ತಿದ್ರೂ ನಿಲ್ಲದೇ ಹೋದವರ ಗುರುತೇ ಮೂಡಲಿಲ್ಲ. ಮೂಡಿದವನು ಒಬ್ಬ, ಮೂಲೆಯಲ್ಲಿ ಕಾಲು ಮುಂದಿಟ್ಟು ಬೂಟ್ ಪಾಲಿಶ್ ಮಾಡಿಸ್ಕೊಳ್ತಾ ನಿಂತಿದ್ದವನು. ಪುಸ್ತಕಗಳಲ್ಲಿ ‘ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯ’ ಅಂದ್ರೆ ಅವನೇ. ಅವನ ಕಾಲ ಬಳಿ ಬಗ್ಗಿ ಕೂತಿದ್ದವನು ಕೈ ಆಡಿಸ್ತಿದ್ದ, ಕೆಲಸ ಮಾಡ್ತಿದ್ದ, ಅದಕ್ಕೇ ಮಸುಕು ಮಸುಕು. ಸಮಗಾರರ ಮನೆ ಮಕ್ಕಳಿಗೆ ಫೋಟೋಗ್ರಫಿ ಪಾಠ ಹೇಳೋದಾದ್ರೆ ನಾನು ಆ ಮಸುಕಿನಿಂದ ಶುರು ಮಾಡ್ತೀನಿ.

ನಮ್ಮ ದಂಡಿಗೂ ಇಂಥದೊಂದು ಕಥೆ ಇದೆ. ಲಿನೇಯಸ್ ಟ್ರೈಪ್ ಅಂತ ಮದ್ರಾಸ್ ಸೇನೆಯ ಅಧಿಕಾರಿ, ಬೆಂಗಳೂರಿನ ದಂಡಿನಲ್ಲಿದ್ದವನು. ಫೋಟೋ ಆಗ ಅವನಿಗೆ ಹವ್ಯಾಸ. 1854ರ ಡಿಸೆಂಬರಲ್ಲಿ, ಚಳಿಗಾಲದಲ್ಲೇ ನೋಡಿ, ಹಳೇಬೀಡು ಬೇಲೂರಿಗೆ ಹೋಗಿ ಗುಡಿಗಳ ಚಿತ್ರ ತೆಗೆದ. ಕಲ್ಲು ಅಲುಗಾಡಲ್ಲ, ಚೆನ್ನಾಗಿ ಬಂತು. ಆಮೇಲೆ 1857 ಆಯ್ತು. ಬ್ರಿಟಿಷರಿಗೆ ನಾವು ಯಾರು ಯಾರು ಅಂತ ಪಟ್ಟಿ ಬೇಕಾಯ್ತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ಬಂದ್ವು. ಪ್ರತಿ ಫೋಟೋದ ಕೆಳಗೆ ಜಾತಿ, ಬುಡಕಟ್ಟು, ಅದರ ಗುಣ ಸ್ವಭಾವ. ಗುಡಿಯ ಫೋಟೋಕ್ಕೆ ಗುಡಿಯ ಹೆಸರು, ಮನುಷ್ಯನ ಫೋಟೋಕ್ಕೆ ಜಾತಿಯ ಹೆಸರು. ‘ಎಲೆಮರೆಯ ನಾಯಕಿ’ ಅಂತ ಬರೆಯೋ ಹುಡುಗನಿಗೆ ಈ ಪುಸ್ತಕ ಗೊತ್ತಿರಲಿಕ್ಕಿಲ್ಲ, ಆದ್ರೆ ಅವನ ಅಡಿಬರಹದಲ್ಲೂ ಹೆಸರಿನ ಜಾಗ ಖಾಲಿಯೇ.

ಬಣ್ಣದ ವಿಷಯಕ್ಕೂ ಒಂದು ಮಾತು. 1950ರ ದಶಕದಿಂದ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡ್ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದ್ರೆ ಬಣ್ಣ ಸರಿ ಅಂತ ಲೆಕ್ಕ. ‘ಶರ್ಲಿ ಕಾರ್ಡ್’ ಅಂತ ಕರೀತಿದ್ರು. ಕಪ್ಪು ಮುಖಗಳು ಆ ಫಿಲ್ಮಲ್ಲಿ ಕಣ್ಣು ಹಲ್ಲು ಬಿಟ್ರೆ ಬೇರೇನೂ ಕಾಣದ ಹಾಗೆ ಬರ್ತಿದ್ವು. ಅದು ಸುಧಾರಿಸಿದ್ದು ಹೇಗೆ ಗೊತ್ತಾ? ಚಾಕೊಲೇಟ್ ಕಂಪನಿಯವರು, ಮರದ ಪೀಠೋಪಕರಣದವರು ನಮ್ಮ ಮಾಲಿನ ಬಣ್ಣ ಸರಿಯಾಗಿ ಬರ್ತಿಲ್ಲ ಅಂತ ದೂರು ಕೊಟ್ಟ ಮೇಲೆ. ಕಂಪನಿಯ ಹಳೇ ಅಧಿಕಾರಿಯೇ ಹೇಳಿಕೊಂಡ ಮಾತಿದು. ಮನುಷ್ಯರಿಗಿಂತ ಮೊದಲು ಮೇಜು ಕುರ್ಚಿಗೆ ನ್ಯಾಯ ಸಿಕ್ತು. ಈಗ ಡಿಜಿಟಲ್ ಬಂದಿದೆ. ಆದ್ರೆ ಫೋನಲ್ಲಿ ‘ಬ್ಯೂಟಿ’ ಅಂತ ಒತ್ತಿದ್ರೆ ಮೊದಲು ಮಾಡೋದೇ ಬಿಳುಪು.

ಫೋಟೋ ಮನೆ ಬಿಡಿಸೋದು ಅಕ್ಕನೊಬ್ಬಳ ಕಥೆಯೂ ಅಲ್ಲ. ಕೆ.ಆರ್. ಪುರದಿಂದ ಔಟರ್ ರಿಂಗ್ ರೋಡಲ್ಲಿ ಮಾರತ್ತಹಳ್ಳಿ ದಾಟಿ ಹೋದ್ರೆ ಕರಿಯಮ್ಮನ ಅಗ್ರಹಾರ. 2020ರ ಜನವರಿ, ಇದೇ ಚಳಿ. ಅಲ್ಲಿನ ಜೋಪಡಿಗಳದ್ದೊಂದು ವಿಡಿಯೋ ಓಡಾಡ್ತು, ಇಲ್ಲಿರೋರೆಲ್ಲ ಬಾಂಗ್ಲಾದೇಶದವರು ಅಂತ. ಸ್ಥಳೀಯ ಶಾಸಕರೂ ಹಂಚಿಕೊಂಡ್ರು. ಒಂದು ವಾರದೊಳಗೆ ಜೆಸಿಬಿ ಬಂತು. ಬಿದ್ದ ಶೀಟುಗಳ ಮಧ್ಯೆ ಜನ ಆಧಾರ್, ವೋಟರ್ ಐಡಿ ಹಿಡ್ಕೊಂಡು ನಿಂತ್ರು. ಅಸ್ಸಾಂ, ತ್ರಿಪುರಾ, ಬಂಗಾಳದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ರು. ಕೆಡವಿದ ರೀತಿಯನ್ನ ಹೈಕೋರ್ಟ್ ತರಾಟೆಗೆ ತಗೊಳ್ತು, ಪುನರ್ವಸತಿ ಏನು ಅಂತ ಸರ್ಕಾರವನ್ನ ಕೇಳ್ತು. ಮೊದಲು ಬಂದದ್ದು ಕ್ಯಾಮೆರಾ, ಆಮೇಲೆ ಜೆಸಿಬಿ. ಅದೇ ಜಾಗಕ್ಕೆ ಮೂರನೆಯದಾಗಿ ಇನ್ನೊಂದಿಷ್ಟು ಕ್ಯಾಮೆರಾ ಬಂದು ಆಧಾರ್ ಕಾರ್ಡ್ ಹಿಡಿದ ಕೈಗಳನ್ನ ತೆಗೆದಿದ್ದರಿಂದಲೇ ಸುಳ್ಳು ಬಯಲಾಯ್ತು. ಹಾಗಾಗಿ ಫೋಟೋ ಬೇಡ ಅಂತ ನಾನು ಯಾವತ್ತೂ ಹೇಳಲ್ಲ.

ನಮ್ಮವರೇ ಕ್ಯಾಮೆರಾ ಹಿಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಎರಡು ಹೆಸರು ಹೇಳ್ತೀನಿ. ಮುಂಬೈನ ಸುಧಾರಕ್ ಓಲ್ವೆ. ಪತ್ರಿಕಾ ಛಾಯಾಗ್ರಾಹಕ, ಮುಂಬೈ ಪಾಲಿಕೆಯ ಸಫಾಯಿ ಕಾರ್ಮಿಕರ ಜೊತೆ ತಿರುಗಾಡಿ ಅವರ ಕೆಲಸ, ಮನೆ, ಕಾಯಿಲೆ, ಕುಡಿತ, ಮಕ್ಕಳು ಎಲ್ಲಾ ತೆಗೆದವರು. 2016ರಲ್ಲಿ ಪದ್ಮಶ್ರೀ ಬಂತು. ಇನ್ನೊಬ್ಬರು ಮಧುರೈನ ಎಂ. ಪಳನಿ ಕುಮಾರ್. ಮೀನು ಮಾರೋ ತಾಯಿಯ ಮಗ. ಸಾಲ ಮಾಡಿ ಕ್ಯಾಮೆರಾ ತಗೊಂಡು ಮ್ಯಾನ್‌ಹೋಲಲ್ಲಿ ಸತ್ತವರ ಮನೆಗಳಿಗೆ ಹೋದವರು, 2017ರ ‘ಕಕ್ಕೂಸ್’ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದವರು, ಈಗ ‘ಪರಿ’ಯಲ್ಲಿದ್ದಾರೆ. ಅವರು ತೆಗೆದ ಅಮ್ಮನ ಫೋಟೋಗಳನ್ನ ನೋಡಿ. ಅಮ್ಮ ಬುಟ್ಟಿ ಜೊತೆ ಇರ್ತಾಳೆ, ದುಡೀತಿರ್ತಾಳೆ, ಆದ್ರೂ ಮೊದಲು ಕಣ್ಣಿಗೆ ಬೀಳೋದು ಅಮ್ಮನೇ. ಆಕಾಶಕ್ಕೂ ಮುಖಕ್ಕೂ ಮಧ್ಯೆ ಆರಿಸ್ಕೋಬೇಕಾದಾಗ ಮಗ ಯಾವುದನ್ನ ಆರಿಸ್ತಾನೆ ಅಂತ ಹೇಳಬೇಕಾ.

ನಾನು ಅಷ್ಟು ದೊಡ್ಡವನಲ್ಲ. ನನ್ನದು ದಂಡು, ಹಲಸೂರು, ಕೆ.ಆರ್. ಪುರ, ಅಷ್ಟೇ ಸರಹದ್ದು. ಬಂಗಾರಪೇಟೆ ಕಡೆಯವನಾದ್ದರಿಂದ ಊರಿಗೆ ಹೋದಾಗ ವಾಪಸ್ ಬರೋದು ಕೆಜಿಎಫ್ ರೈಲಲ್ಲಿ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಆ ಊರಿನ ಹೊಟ್ಟೆ ಹೊರೆಯೋದು ಈ ರೈಲು. ಜನವರಿ ಬೆಳಿಗ್ಗೆ ಕಿಟಕಿ ಮುಚ್ಚಿ, ಟವೆಲ್ ಸುತ್ತಿಕೊಂಡು, ಒಬ್ಬರ ಭುಜದ ಮೇಲೆ ಒಬ್ಬರು ನಿದ್ದೆ ಮಾಡ್ತಾ ಬರ್ತಾರೆ. ಗಣಿಯೊಳಗೆ ದುಡಿದವರ ಮೊಮ್ಮಕ್ಕಳು, ಈಗ ಸೆಕ್ಯುರಿಟಿ, ಸೇಲ್ಸು, ಆಸ್ಪತ್ರೆ ವಾರ್ಡು, ಕೆಲವರು ಸಾಫ್ಟ್‌ವೇರೂ ಉಂಟು. ಕೆ.ಆರ್. ಪುರದಲ್ಲಿ ಅರ್ಧ ರೈಲು ಇಳಿಯುತ್ತೆ, ಮೆಟ್ರೋ ಕಡೆ ಓಡುತ್ತೆ. ಆ ನಿದ್ದೆಯ ಫೋಟೋ ನನ್ನ ಹತ್ರ ಬಹಳ ಇವೆ. ಮಲಗಿರೋರನ್ನ ಕೇಳೋದು ಹೇಗೆ? ಎದ್ದ ಮೇಲೆ ತೋರಿಸ್ತೀನಿ. ಒಬ್ಬ “ಬಾಯಿ ಬಿಟ್ಕೊಂಡಿದೀನಿ, ಅಳಿಸು” ಅಂದ. ಇನ್ನೊಬ್ಬಳು “ನನ್ನ ನಂಬರ್‌ಗೆ ಕಳಿಸಣ್ಣ” ಅಂದ್ಲು. ಅಳಿಸಿದ್ದೀನಿ, ಕಳಿಸಿದ್ದೀನಿ.

ಕೇಳೋಕೆ ಶುರು ಮಾಡಿದ್ರೆ ನಿಮಗೊಂದು ವಿಷಯ ಗೊತ್ತಾಗುತ್ತೆ. ಕೆಲಸದ ಫೋಟೋವನ್ನ ಯಾರೂ ಕೇಳಲ್ಲ. ರಸೆಲ್ ಮಾರ್ಕೆಟಲ್ಲಿ ಮೂಟೆ ಹೊರೋ ಹುಡುಗ ಬೈಕ್ ಮೇಲೆ ಕೂತು ತೆಗಿ ಅಂತಾನೆ, ಬೈಕ್ ಅವನದ್ದಲ್ಲ. ಮರ್ಫಿ ಟೌನಲ್ಲಿ ಬೀಫ್ ಅಂಗಡಿಯ ತಾತ ಮೊದಲು ಕೈ ತೊಳೆದು ಬಂದು, ಕನ್ನಡಕ ಹಾಕೊಂಡು, ಆಮೇಲೆ ನಿಲ್ತಾನೆ. ಎಲ್ಲರೂ ನೆಟ್ಟಗೆ ನಿಲ್ತಾರೆ, ನೇರ ಲೆನ್ಸ್ ನೋಡ್ತಾರೆ. ಫೋಟೋ ಕಲಿತವರು ಇದಕ್ಕೆ ‘ಸಹಜವಾಗಿಲ್ಲ’ ಅಂತಾರೆ. ಹೌದಪ್ಪ, ಸಹಜವಾಗಿ ಇರೋಕೆ ಬಿಟ್ಟಿದ್ಯಾರು ನಮ್ಮನ್ನ? ಬಾಬಾಸಾಹೇಬರು ಯಾಕೆ ಸೂಟು ಹಾಕೊಂಡು ಅಷ್ಟು ನೆಟ್ಟಗೆ ನಿಲ್ತಿದ್ರು ಅಂತ ನಮ್ಮ ಕೇರಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಗೋಡೆ ಮೇಲಿನ ಫೋಟೋನೇ ಹೇಳಿಕೊಟ್ಟಿದೆ.

ಅಕ್ಕ ಫೆಬ್ರವರಿ ಮೊದಲ ವಾರ ಫೋನ್ ಮಾಡಿದ್ಲು. ಈಗ ಕೆ.ಆರ್. ಪುರದ ಆಚೆ ಮನೆ. “ಭಾನುವಾರ ಫ್ರೀ ಇದೀಯಾ? ಹಲಸೂರು ಕೆರೆ ಹತ್ರ ಫೋಟೋ ತೆಗೀಬೇಕು, ನಾನು ಮಗಳು ಬರ್ತೀವಿ.” ಅಷ್ಟು ದೂರದಿಂದ ಇಲ್ಲಿಗ್ಯಾಕೆ ಅಂದೆ. “ಆ ಕೆರೆ ಸುತ್ತ ಎಷ್ಟು ವರ್ಷ ಗುಡಿಸಿದೀನಿ, ಒಂದಿನಾನೂ ಅಲ್ಲಿ ಕೂತಿಲ್ಲ” ಅಂದ್ಲು. ರೇಷ್ಮೆಯಂಥ ಸೀರೆ ಉಟ್ಟು, ಹೂವು ಮುಡಿದು ಬಂದ್ಲು. ಮಗಳು ಪಿಯುಸಿ, ಅಮ್ಮನ ಮುಖಕ್ಕೆ ಪೌಡರ್ ಹಚ್ತಾನೇ ಇದ್ಲು. ಮಂಜು ಆಗ್ಲೇ ಕರಗಿತ್ತು. ಬೆನ್ನಿಗೆ ಸೂರ್ಯ ಇದ್ದ, ನಾನು ಜಾಗ ಬದಲಾಯಿಸಿ ಮುಖಕ್ಕೆ ಬೆಳಕು ಬೀಳೋ ಕಡೆ ನಿಲ್ಲಿಸಿದೆ. ಆಕಾಶ ಬಿಳಿ ಆಯ್ತು, ಕೆರೇನೂ ಅಷ್ಟೇನು ಬರ್ಲಿಲ್ಲ.

ಕ್ಯಾಮೆರಾ ಹಿಂದಿನ ಪರದೇಲಿ ನೋಡಿ ಅಕ್ಕ ಹೇಳಿದ ಮೊದಲ ಮಾತು: “ಸ್ವಲ್ಪ ಬೆಳ್ಳಗೆ ಮಾಡಣ್ಣ.” ನಾನು ಶರ್ಲಿ ಕಾರ್ಡಿನ ಕಥೆ ಹೇಳೋಕೆ ಹೋದೆ. ಮಗಳು ನಗೋಕೆ ಶುರು ಮಾಡಿದ್ಲು. “ಅಂಕಲ್, ಭಾಷಣ ಬೇಡ, ಎರಡು ಕಾಪಿ ಕೊಡಿ. ಒಂದು ಇದ್ದ ಹಾಗೆ, ಒಂದು ಅಮ್ಮ ಹೇಳಿದ ಹಾಗೆ.” ಎರಡೂ ಕೊಟ್ಟೆ. ಲ್ಯಾಮಿನೇಷನ್ ದುಡ್ಡು ಅಕ್ಕನೇ ಕೊಟ್ಲು, ಬೇಡ ಅಂದ್ರೂ ಕೇಳ್ಲಿಲ್ಲ.

ಹೊಸ ಓನರ್ರಿಗೆ ಏನು ಕೆಲಸ ಅಂತ ಹೇಳಿದೆ ಅಂತ ಕೇಳಿದೆ. “ಈ ಸಲ ಆರ್ಡರ್ ಕಾಪಿನೇ ತೋರಿಸಿದೆ. ಮೊದಲೆರಡು ಮನೇಲಿ ಆಮೇಲೆ ಫೋನ್ ಮಾಡ್ತೀವಿ ಅಂದ್ರು, ಮಾಡ್ಲಿಲ್ಲ. ಮೂರನೇದು ಸಿಕ್ತು. ಬಾಡಿಗೆ ಐನೂರು ಜಾಸ್ತಿ.” ಬೆಳಿಗ್ಗೆ ಈಗ ಮುಕ್ಕಾಲು ಗಂಟೆ ಮುಂಚೆ ಏಳಬೇಕು ಅಂದ್ಲು. ಆದ್ರೆ ಕೋಟನ್ನ ಮನೆಯಿಂದಲೇ ಹಾಕೊಂಡು ಹೊರಡ್ತಾಳಂತೆ, ಚಳಿಗೂ ಆಯ್ತು ಅಂತ.

ಈ ಚಳಿಗಾಲದಲ್ಲಿ ತೆಗೆದ ಫೋಟೋಗಳ ಪ್ರಿಂಟುಗಳು ಇನ್ನೂ ನನ್ನ ಬ್ಯಾಗಲ್ಲಿವೆ. ಡಿಸೆಂಬರ್ 6ರ ಬೆಳಿಗ್ಗೆ ಮೇಣದಬತ್ತಿ ಹಿಡಿದಿದ್ದವರು, ಡಿಸೆಂಬರ್ 25ರಂದು ಊರೆಲ್ಲ ಕ್ರಿಸ್‌ಮಸ್ ಲೈಟು ನೋಡ್ತಿರುವಾಗ ಮನುಸ್ಮೃತಿ ಸುಟ್ಟ ದಿನ ಅಂತ ನಮ್ಮ ಜೊತೆ ಸೇರಿದ್ದ ಹುಡುಗರು, ಜನವರಿ 3ಕ್ಕೆ ಸಾವಿತ್ರಿಬಾಯಿ ಫೋಟೋಗೆ ಹೂವು ತಂದಿದ್ದ ಟೀಚರಮ್ಮ, ಜನವರಿ 17ರಂದು ರೋಹಿತ್ ಹೆಸರಲ್ಲಿ ಕೂತಿದ್ದ ವಿದ್ಯಾರ್ಥಿಗಳು. ಹ್ಞಾಂ, ಜನವರಿ 1ರ ಬೆಳಿಗ್ಗೆ ಕೋರೆಗಾಂವ್ ನೆನಪಿಗೆ ಸೇರಿದ್ದಾಗ ಮರ್ಫಿ ಟೌನ್ ತಿರುವಲ್ಲಿ ನೀಲಿ ಶಾಲು ಹೊದ್ದು, ಮಗೂನ ಹೆಗಲ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡ ಅಣ್ಣ, ನಂಬರ್ ಕೊಟ್ಟಿದ್ರಿ, ಒಂದು ಅಂಕಿ ತಪ್ಪಿದೆ. ಮಗು ಚೆನ್ನಾಗಿ ಬಂದಿದೆ. ಯಾರಾದ್ರೂ ಪರಿಚಯದವರಿದ್ರೆ ಹೇಳಿ, ನಾನೇ ತಂದು ಕೊಡ್ತೀನಿ.